ಸಮಾಧಿ ಶಂಕುವಿನ ಮೇಲಿನ ಹೆಸರು ಪ್ರಾಚೀನ ಈಜಿಪ್ಟಿನ ನಗರವಾದ ಥೀಬ್ಸ್‌ನ ಒಂದು ಸಮಾಧಿಗೆ ಹೊಂದಿದರೆ, ಶಂಕುವಿನ ಒಡೆಯ ಅವನೇ ಎನ್ನಬಹುದೇ?

ಸಮಾಧಿ ಶಂಕು ಎಂದರೆ ಸಮಾಧಿಯ ಗೋಡೆಯಲ್ಲಿ ಕೂರಿಸುತ್ತಿದ್ದ, ಒಡೆಯನ ಹೆಸರು ಮತ್ತು ಹುದ್ದೆಯ ಮುದ್ರೆಯೊತ್ತಿದ ಮಣ್ಣಿನ ಶಂಕು. ನಿಮಗೆ ಅದರಲ್ಲಿ ಅಮೆನೆಮ್ಹತ್ ಎಂಬ ಹೆಸರು ಓದಲು ಸಿಕ್ಕಿದೆ, ಆ ಹೆಸರಿನ ಸಮಾಧಿಯೂ ಸಿಕ್ಕಿದೆ, ಅಷ್ಟು ಸಾಲದು. ವಿದೇಶದ ಒಂದು ವಸ್ತುಸಂಗ್ರಹಾಲಯಕ್ಕೆ ನಾನು ಸೂಚಿ ಸಿದ್ಧಪಡಿಸುತ್ತಿದ್ದಾಗ ಇದೇ ಹೆಸರು ನನ್ನನ್ನು ಕೆಡವಿತು.

ಆ ಮಣ್ಣಿನ ಶಂಕುವಿನ ಅಗಲವಾದ ತುದಿಯ ಮುದ್ರೆಯಲ್ಲಿ ‘ಲಿಪಿಕಾರ’, ‘ಲೆಕ್ಕಿಗ’ ಎಂಬಷ್ಟು ಉಳಿದು, ಯಾವುದರ ಲೆಕ್ಕಿಗ ಎಂಬ ಭಾಗ ಮುಕ್ಕಾಗಿತ್ತು. ದೊರೆ ಮೂರನೆಯ ಥುಟ್ಮೋಸನ ಕಾಲದ, ವಿದ್ವಾಂಸರ ಎಣಿಕೆಯಲ್ಲಿ ಥೀಬ್ಸಿನ 82ನೇ ಸಮಾಧಿಯ ಅಮೆನೆಮ್ಹತ್ ಅಮುನ್ ದೇವರ ಕಣಜದ ಧಾನ್ಯದ ಲೆಕ್ಕಿಗನೆಂದು ಬಲ್ಲ ನಾನು, ಮುಕ್ಕಿನಲ್ಲಿ ‘ಧಾನ್ಯ’ವನ್ನು ತುಂಬಿ, ಊಹೆಯೆಂದು ತೋರಿಸುವ ಚೌಕ ಕಂಸವನ್ನೂ ಹಾಕದೆ ಅಚ್ಚಿಗೆ ಕೊಟ್ಟೆ. 123ನೇ ಸಮಾಧಿಯವನೂ ಅಮೆನೆಮ್ಹತನೇ, ಅದೇ ಕಾಲದ ಲಿಪಿಕಾರನೇ, ಆದರೆ ರೊಟ್ಟಿಯ ಲೆಕ್ಕಿಗ ಎಂಬುದನ್ನು ಪರಿಶೀಲಿಸಲೇ ಇಲ್ಲ. ಓದುವಾಗ ಕಣ್ಣು ತಪ್ಪುವುದು ಯಾರಿಗಾದರೂ ಆಗುತ್ತದೆ; ನಾನು ಮಾಡಿದ್ದು ಅದಲ್ಲ. ಒಡೆಯನನ್ನು ಮೊದಲೇ ಆರಿಸಿಕೊಂಡು, ಅವನ ಹುದ್ದೆಯಿಂದ ಮುಕ್ಕು ಮುಚ್ಚಿ, ಹಾಗೆ ಮುಚ್ಚಿದ ಅಕ್ಷರಗಳನ್ನೇ ಒಡೆತನಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಅದೇ ಮುದ್ರೆಯ, ಬೇರೆ ಕಡೆ ಮುರಿದಿದ್ದ ಇನ್ನೊಂದು ಶಂಕುವನ್ನು ವಿಮರ್ಶಕರೊಬ್ಬರು ಪಕ್ಕದಲ್ಲಿಟ್ಟು ತೋರಿಸಿದಾಗ ಅಲ್ಲಿ ಧಾನ್ಯವಿರಲಿಲ್ಲ. ಸೂಚಿಯ ಮುಂದಿನ ಸಂಪುಟದ ಕೆಲಸ ನನಗೆ ಸಿಗಲಿಲ್ಲ.

ಆದ್ದರಿಂದ ಹೆಸರಿನ ಬೆನ್ನು ಹತ್ತುವುದನ್ನು ಬಿಟ್ಟು ಮುದ್ರೆಯನ್ನು ಹುಡುಕಿ. ಒಂದೇ ಅಚ್ಚನ್ನು ಅನೇಕ ಶಂಕುಗಳಿಗೆ ಒತ್ತುತ್ತಿದ್ದುದರಿಂದ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಉಳಿದಿರಬಹುದು. ಡೇವಿಸ್ ಮತ್ತು ಮ್ಯಾಕಡಮ್ ಎಂಬ ವಿದ್ವಾಂಸರ, ಇಂಥ ಶಂಕುಗಳ 1957ರ ಸಂಗ್ರಹದಲ್ಲಿ 611 ಮುದ್ರೆಗಳ ರೇಖಾಚಿತ್ರಗಳಿವೆ. ಓರೆ ಬೆಳಕಿನಲ್ಲಿ ನಿಮ್ಮ ಶಂಕುವನ್ನು ಬರೆದುಕೊಂಡು, ಸಾಲುಗಳ ನಡುವಿನ ಗೆರೆ, ಚಿಹ್ನೆಗಳ ಜೋಡಣೆ, ಹೆಂಡತಿಯ ಹೆಸರಿದ್ದರೆ ಅದನ್ನೂ ಹೋಲಿಸಿ. ಮುದ್ರೆ ಬೇರೆಯಾದ ಮಾತ್ರಕ್ಕೆ ವ್ಯಕ್ತಿ ಬೇರೆಯಾಗುವುದಿಲ್ಲ ಎಂಬುದೂ ನೆನಪಿರಲಿ: 34ನೇ ಸಮಾಧಿಯ ಮೊಂತುಎಮ್ಹತ್ ಒಬ್ಬನಿಗೇ ಹಲವು ಮುದ್ರೆಗಳಿದ್ದವು. ಸಿಕ್ಕ ಜಾಗವನ್ನಂತೂ ನಂಬಬೇಡಿ. ಬಾಗಿಲಿನ ಮೇಲ್ಭಾಗದ ಗೋಡೆಯಲ್ಲಿ ಕೂರಿಸಿದ್ದ ಇವು ಉದುರಿ, ನೆರೆಯ ಸಮಾಧಿಗಳ ಮಣ್ಣುಗುಡ್ಡೆಗಳಲ್ಲಿ ಬೆರೆತುಹೋಗಿವೆ.

ಪ್ರತಿ ಶಂಕುವಿಗೂ ಒಂದು ಸಮಾಧಿಯನ್ನು ಗಂಟುಹಾಕಲೇಬೇಕೆಂಬ ಹಟವನ್ನೇ ನಾನು ಒಪ್ಪುವುದಿಲ್ಲ. ಎಷ್ಟೋ ಅಧಿಕಾರಿಗಳು ಶಂಕುಗಳಿಂದ ಮಾತ್ರ ನಮಗೆ ಪರಿಚಿತರು, ಅವರ ಸಮಾಧಿಗಳು ಗುರುತಾಗಿಲ್ಲ. ‘ಅಮೆನೆಮ್ಹತ್, ಲಿಪಿಕಾರ, ಸಮಾಧಿ ತಿಳಿಯದು’ ಎಂದು ಬರೆದರೆ ಅದು ಪೂರ್ಣವಾದ ನಮೂದೇ.