ನೈಸ್ 15 ಕೊಟ್ಟರೂ ಸಿಸ್ಟಂ ಯಾಕೆ ಒದ್ದಾಡುತ್ತದೆ?

ಪ್ರಶ್ನೆ: ಸಾಗರದಲ್ಲಿ ನಮ್ಮದು ಫೋಟೊ ಸ್ಟುಡಿಯೊ. ಮದುವೆ ವಿಡಿಯೊವನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ ಎಫ್‌ಎಫ್‌ಎಂಪೆಗ್‌ಗೆ (ವಿಡಿಯೊ ಪರಿವರ್ತಿಸುವ ಕಮಾಂಡ್) ಕೊಟ್ಟರೆ ಬ್ರೌಸರ್ ಕೂಡ ಅಲುಗಾಡುವುದಿಲ್ಲ. ಓಡುತ್ತಿರುವ ಕೆಲಸದ ನೈಸ್ ಮೌಲ್ಯ (ಹೆಚ್ಚಿದಷ್ಟೂ ಅದು ಸಿಪಿಯುವನ್ನು ಬೇರೆ ಕೆಲಸಗಳಿಗೆ ಬಿಟ್ಟುಕೊಡುತ್ತದೆ) ಬದಲಿಸುವ ರೆನೈಸ್‌ನಲ್ಲಿ 15 ಕೊಟ್ಟೆ. ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ ಟಾಪ್‌ನ ಎನ್‌ಐ (ನೈಸ್) ಕಾಲಂನಲ್ಲಿ 15 ಬಂತು, ಸಿಸ್ಟಂ ಮಾತ್ರ ಹಗುರಾಗಲಿಲ್ಲ. ಮಳೆಗಾಲ, ಕರೆಂಟಿನ ನಂಬಿಕೆಯಿಲ್ಲ. ಅರ್ಧ ಆದದ್ದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕೇ?

ಉತ್ತರ: ಬೇಡ. ಎಫ್‌ಎಫ್‌ಎಂಪೆಗ್ ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಆಗಿ ಕಂಡರೂ ಒಳಗೆ ಹಲವು ಥ್ರೆಡ್‌ಗಳು (ಕೆಲಸ ಹಂಚಿಕೊಂಡ ಎಳೆಗಳು) ದುಡಿಯುತ್ತಿರುತ್ತವೆ. ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ಗೂ ಅದರದೇ ನೈಸ್ ಮೌಲ್ಯ. ‘ರೆನೈಸ್ -ಪಿ’ ಬದಲಿಸುವುದು ಮುಖ್ಯ ಥ್ರೆಡ್ಡನ್ನಷ್ಟೇ. ಎನ್‌ಕೋಡಿಂಗ್ ಮಾಡುವ ಉಳಿದವು 0ಯಲ್ಲೇ ಉಳಿಯುತ್ತವೆ. ಟಾಪ್‌ನಲ್ಲಿ ದೊಡ್ಡಕ್ಷರದ ಎಚ್ ಒತ್ತಿ, ಥ್ರೆಡ್‌ಗಳೆಲ್ಲ ಸಾಲಾಗಿ ಬಂದು ಕಣ್ಣಿಗೇ ಕಾಣುತ್ತದೆ.

‘ಪಿಎಸ್ -ಒ ಪಿಐಡಿ,ಪಿಜಿಐಡಿ,ಎನ್‌ಐ -ಪಿ 4312’ ಕೊಟ್ಟು ಪ್ರೊಸೆಸ್ ಗುಂಪಿನ ಸಂಖ್ಯೆ (ಪಿಜಿಐಡಿ) ನೋಡಿ. 4312 ಇರುವಲ್ಲಿ ನಿಮ್ಮ ಎಫ್‌ಎಫ್‌ಎಂಪೆಗ್‌ನ ಪಿಐಡಿ (ಪ್ರೊಸೆಸ್ ಸಂಖ್ಯೆ) ಹಾಕಿ. ಕಮಾಂಡ್‌ಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಪಿಜಿಐಡಿಯೂ 4312 ಆಗಿದ್ದರೆ ‘ರೆನೈಸ್ -ಎನ್ 15 -ಜಿ 4312’. ಇದು ಗುಂಪಿನ ಎಲ್ಲ ಥ್ರೆಡ್‌ಗಳಿಗೂ ತಗಲುತ್ತದೆ. ಬೇರೆ ಸಂಖ್ಯೆ ಬಂದರೆ ತಡೆಯಿರಿ, ಗುಂಪಿನಲ್ಲಿ ಇನ್ಯಾರಿದ್ದಾರೆಂದು ನೋಡದೆ ಮುಟ್ಟಬೇಡಿ. ಒಂದೇ ಸಿಪಿಯು ಕೋರ್‌ಗೆ 0 ಮತ್ತು 15 ಪೈಪೋಟಿಗಿಳಿದರೆ 15ಕ್ಕೆ ಸಿಗುವುದು ಸುಮಾರು ನೂರಕ್ಕೆ 3 ಪಾಲು. ಪೈಪೋಟಿಯೇ ಇಲ್ಲದಾಗ ಅದು ಪೂರ್ತಿ ವೇಗದಲ್ಲೇ ಓಡುತ್ತದೆ. ಹಾಗಾಗಿ ರಾತ್ರಿ ಬಿಟ್ಟುಹೋದರೆ ಕೆಲಸವೇನೂ ತಡವಾಗದು.

ಆದರೂ ಜಗ್ಗದಿದ್ದರೆ ಆಟೊಗ್ರೂಪ್ (ಪ್ರತಿ ಟರ್ಮಿನಲ್ ಸೆಷನ್ನನ್ನು ಒಂದು ಗುಂಪೆಂದು ಎಣಿಸಿ ಸಿಪಿಯು ಹಂಚುವ ವ್ಯವಸ್ಥೆ) ನೋಡಿ. ‘/ಪ್ರಾಕ್/ಸಿಸ್/ಕರ್ನಲ್/ಸ್ಕೆಡ್_ಆಟೊಗ್ರೂಪ್_ಎನೇಬಲ್ಡ್’ ಫೈಲಿನಲ್ಲಿ 1 ಇದ್ದರೆ, ನೈಸ್ ಲೆಕ್ಕಕ್ಕೆ ಬರುವುದು ಆ ಟರ್ಮಿನಲ್ ಸೆಷನ್ನಿನ ಒಳಗೆ ಮಾತ್ರ ಇರಬಹುದು. ಹೊರಗಿನ ಬ್ರೌಸರ್‌ಗೆ ಲಾಭವಿಲ್ಲ. ಆಗ ‘ಎಕೊ 15 > /ಪ್ರಾಕ್/4312/ಆಟೊಗ್ರೂಪ್’.

ಮುಂದಿನ ಸಲ ಶುರುವಿನಲ್ಲೇ ‘ನೈಸ್ -ಎನ್ 15 ಎಫ್‌ಎಫ್‌ಎಂಪೆಗ್…’ ಎಂದು ಕೊಡಿ. ಹುಟ್ಟುವ ಥ್ರೆಡ್‌ಗಳಿಗೆಲ್ಲ ಅದೇ ಮೌಲ್ಯ ಬರುತ್ತದೆ, ಈ ರಗಳೆಯೇ ಇಲ್ಲ.

ಪ್ರಶ್ನೆ: ಅವಸರದಲ್ಲಿ ನೈಸ್ 19 ಕೊಟ್ಟೆ. 5ಕ್ಕೆ ಇಳಿಸಹೋದರೆ ‘ಪರ್ಮಿಷನ್ ಡಿನೈಡ್’. (ತೀರ್ಥಹಳ್ಳಿಯ ಓದುಗರು)

ಉತ್ತರ: ಸಾಮಾನ್ಯ ಬಳಕೆದಾರ ನೈಸ್ ಏರಿಸಬಹುದು, ಇಳಿಸುವಂತಿಲ್ಲ. ಅಡ್ಮಿನ್ ಅಧಿಕಾರ ಕೊಡುವ ‘ಸುಡೊ’ ಸೇರಿಸಿ ಕೊಡಿ. ಸುಡೊ ಕೈಗೆ ಸಿಕ್ಕಿತೆಂದು -20ಕ್ಕೆ ಹೋಗಬೇಡಿ; ಡೆಸ್ಕ್‌ಟಾಪೇ ಮೌಸಿಗೆ ಓಗೊಡದಂತಾಗಬಹುದು.