ಮಳೆ ಬಂದರೆ ಬೋರ್‌ನಲ್ಲಿ ಕೆಂಪು ನೀರು

ಪ್ರಶ್ನೆ: ನಮ್ಮದು 480 ಅಡಿ ಬೋರ್‌ವೆಲ್. ಜೋರು ಮಳೆ ಬಿದ್ದ ಮಾರನೇ ದಿನ ನೀರು ಕೆಂಪಗೆ ಬರುತ್ತದೆ. ಫ್ಲಶಿಂಗ್ ಮಾಡಿಸಿ (ಗಾಳಿ ಹೊಡೆದು ಒಳಗಿನ ಹೂಳು ತೆಗೆಸುವುದು) ಅಂತ ಒಬ್ಬರು, ಮೊದಲು ಕ್ಯಾಮೆರಾ ಬಿಡಿಸಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
– ಶಿರಾ ತಾಲ್ಲೂಕಿನ ರೈತರೊಬ್ಬರು

ಉತ್ತರ: ಕ್ಯಾಮೆರಾನೇ ಮೊದಲು ಸರ್. ಮಳೆಗೇ ಕೆಂಪಾಗುತ್ತದೆ ಅಂದ್ರೆ ನನ್ನ ಅನುಮಾನ ಕೇಸಿಂಗ್ ಮೇಲೆ, ಅಂದ್ರೆ ಮೇಲಿನ ಮಣ್ಣು ಒಳಗೆ ಬೀಳದಂತೆ ಬಂಡೆವರೆಗೆ ಇಳಿಸಿರುವ ಪೈಪ್ ಮೇಲೆ. ಪೈಪ್ ಗಟ್ಟಿ ಬಂಡೆ ಮೇಲೆ ಸರಿಯಾಗಿ ಕೂತಿರಲ್ಲ, ಇಲ್ಲವೇ ಜಾಯಿಂಟ್ ಬಿಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟು ಫ್ಲಶಿಂಗ್ ಮಾಡಿಸಿದರೆ ಮುಂದಿನ ಮಳೆಗೆ ಮತ್ತೆ ಮಣ್ಣು ಇಳಿಯುತ್ತದೆ. ದುಡ್ಡು ದಂಡ.

ಮೋಟಾರ್, ಪೈಪು ಎಲ್ಲ ಎತ್ತಿಸಬೇಕು. ಎತ್ತಿದ ತಕ್ಷಣ ಕ್ಯಾಮೆರಾ ಬಿಡಿಸಬೇಡಿ, ಪರದೆ ತುಂಬಾ ಟೀ ಬಣ್ಣ, ಏನೂ ಕಾಣಲ್ಲ. ಒಂದು ದಿನ ನೀರು ತಿಳಿಯಾಗಲಿ. ಕೆಳಗೆ ನೋಡುವ ಲೆನ್ಸ್ ಜೊತೆ ಪಕ್ಕಕ್ಕೆ ನೋಡುವುದೂ ಇದೆಯಾ ಅಂತ ಮೊದಲೇ ಕೇಳಿ. ಸೋರಿಕೆ ಚೆನ್ನಾಗಿ ಕಾಣುವುದು ಅದರಲ್ಲೇ. ಸೋರುವ ಕಡೆ ಪೈಪಿನ ಒಳಮೈ ಮೇಲೆ ಕೆಂಪು ಗೆರೆ ಇಳಿದಿರುತ್ತದೆ. ಕೇಸಿಂಗ್ ಮುಗಿದು ಬಂಡೆ ಶುರುವಾಗುವ ಜಾಗದಲ್ಲಿ ಕ್ಯಾಮೆರಾ ಬಿಡುವ ಹುಡುಗರು ಅವಸರ ಮಾಡ್ತಾರೆ. ಬಿಡಬೇಡಿ, ನಿಧಾನಕ್ಕೆ ಸುತ್ತ ತಿರುಗಿಸಿ ಅನ್ನಿ. ಪರದೆಯಲ್ಲಿ ಕಾಣುವ ಅಡಿ ಲೆಕ್ಕ ಬರೆದುಕೊಳ್ಳಿ, ವಿಡಿಯೋನೂ ಇಸ್ಕೊಳ್ಳಿ.

ಸೋರಿಕೆ ಸಿಕ್ಕರೆ ಒಳಗೊಂದು ಸಣ್ಣ ಪೈಪ್ ಇಳಿಸಿ ಸಂದು ಮುಚ್ಚಿಸಬಹುದು. ಆದರೆ ಅದರೊಳಗೆ ನಿಮ್ಮ ಮೋಟಾರ್ ಹಿಡಿಯಬೇಕು ಅಲ್ವಾ, ಅಳತೆ ನೋಡಿಯೇ ಒಪ್ಪಿಕೊಳ್ಳಿ. ಕ್ಯಾಮೆರಾ ಹೊಸ ನೀರು ಹುಡುಕಿ ಕೊಡುತ್ತದೆ ಅನ್ನುವವರನ್ನು ಮಾತ್ರ ನಂಬಬೇಡಿ.

ಮೋಟಾರ್ ಹೊರಗಿರುವಷ್ಟು ಹೊತ್ತು ಬೋರ್ ಬಾಯಿಗೆ ಕ್ಯಾಪ್ ಬಿಗಿಸಿ. ಸುಮ್ನೆ ಗೋಣಿಚೀಲ ಹೊದಿಸಿ ಹೋಗಬೇಡಿ, ಮಕ್ಕಳು ಓಡಾಡುವ ಜಾಗ.