ಬಾಸ್ಟನ್ ಬಳಿಯ ಹಳೆಯ ಮನೆಗೆ ಎಷ್ಟು ಟನ್ನಿನ ಹೀಟ್ ಪಂಪ್ ಬೇಕು?

ಎಣ್ಣೆ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಚಳಿಯಲ್ಲಿ ಹೊರಗಾಳಿಯ ಶಾಖವನ್ನು ಒಳಗೆ ತರುವ, ಬೇಸಿಗೆಯಲ್ಲಿ ಎಸಿಯಾಗುವ ಯಂತ್ರ) ಹಾಕಿಸಬೇಕೆಂದಿದ್ದೀರಿ. ಮೂವರು ಗುತ್ತಿಗೆದಾರರು 3, 4, 5 ಟನ್ ಎಂದು ಮೂರು ಅಂದಾಜು ಕೊಟ್ಟಿದ್ದಾರೆ, ಯಾವ ಬ್ರ್ಯಾಂಡ್ ಒಳ್ಳೆಯದು ಎಂದು ಕೇಳಿದ್ದೀರಿ. ಬ್ರ್ಯಾಂಡ್ ಆಮೇಲಿರಲಿ. ಒಂದೇ ಮನೆಗೆ ಮೂವರು ಮೂರು ಅಳತೆ ಹೇಳಿದ್ದಾರೆಂದರೆ, ಅಳೆದವರು ಬಹುಶಃ ಒಬ್ಬರೂ ಇಲ್ಲ.

ನಾನಿರುವುದು ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ. ನಮ್ಮ ಮನೆಗೆ ಬಂದಿದ್ದಾತ ನಡುಮನೆಯಲ್ಲಿ ನಿಂತು ಸುತ್ತ ಒಮ್ಮೆ ಕಣ್ಣು ಹಾಯಿಸಿ "5 ಟನ್" ಎಂದುಬಿಟ್ಟ. ಬೆಂಗಳೂರಿನ ಅಂಗಡಿಗಳಲ್ಲಿ ಕೋಣೆಯ ಉದ್ದಗಲ ಕೇಳಿ ಎಸಿ ಕೊಡುತ್ತಾರಲ್ಲ, ಅದೇ ಲೆಕ್ಕ. ನನಗೆ ಅನುಮಾನ ಬಂದು ಹಳೆಯ ಎಣ್ಣೆ ಬಿಲ್ಲುಗಳನ್ನು ಹರಡಿಕೊಂಡು ಕೂತೆ.

ಚಳಿಗಾಲವೊಂದಕ್ಕೆ ನಾವು ಸುಟ್ಟದ್ದು 600 ಗ್ಯಾಲನ್. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500 ಬಿಟಿಯು (ಶಾಖ ಅಳೆಯುವ ಮಾಪ) ಶಾಖವಿರುತ್ತದೆ. ಹಳೆಯ ಬಾಯ್ಲರ್, ನೂರಕ್ಕೆ ಹದಿನೇಳು ಪಾಲು ಚಿಮಣಿಯಲ್ಲಿ ಹೋಯಿತೆಂದುಕೊಳ್ಳಿ. ಮನೆಗೆ ದಕ್ಕಿದ್ದು 6.9 ಕೋಟಿ. ಬಾಸ್ಟನ್ನಿನ ಚಳಿ ವರ್ಷಕ್ಕೆ ಸುಮಾರು 5,600 ಡಿಗ್ರಿ-ದಿನ (65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಪ್ರತಿದಿನ ಎಷ್ಟು ಕೆಳಗಿಳಿಯಿತೋ ಅದರ ಒಟ್ಟು ಮೊತ್ತ; ಇಲ್ಲಿನ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್‌ನವೇ). ಅದರಿಂದ ಭಾಗಿಸಿ, ಮತ್ತೆ 24ರಿಂದ ಭಾಗಿಸಿದರೆ ಒಂದು ಡಿಗ್ರಿ ಚಳಿಗೆ ಗಂಟೆಗೆ 513 ಬಿಟಿಯು. ಹೊರಗೆ 10 ಡಿಗ್ರಿಗೆ ಇಳಿದ ರಾತ್ರಿ 65ರಿಂದ ವ್ಯತ್ಯಾಸ 55 ಡಿಗ್ರಿ, ಅಂದರೆ ಗಂಟೆಗೆ 28,000 ಬಿಟಿಯು ಸಾಕು. 12,000ಕ್ಕೆ ಒಂದು ಟನ್. ಎರಡೂವರೆ ಟನ್ನೂ ಆಗಲಿಲ್ಲ! ನಿಮ್ಮ ಬಿಲ್ಲು ಹಾಕಿ ಇದೇ ಲೆಕ್ಕ ಮಾಡಿ. ಬಿಸಿನೀರೂ ಅದೇ ಬಾಯ್ಲರಿನಿಂದ ಬರುತ್ತಿದ್ದರೆ ಆ ಪಾಲನ್ನು ಮೊದಲೇ ಕಳೆಯಿರಿ. ಗುತ್ತಿಗೆದಾರರನ್ನು "ಮ್ಯಾನುಯಲ್ ಜೆ" (ಗೋಡೆ, ಕಿಟಕಿಗಳನ್ನು ಅಳೆದು ಮನೆಗೆ ಬೇಕಾದ ಶಾಖ ಕಂಡುಹಿಡಿಯುವ ವಿಧಾನ) ಲೆಕ್ಕ ಕೇಳಿ. ಮುಖ ಸಿಂಡರಿಸಿದವರನ್ನು ಬಿಟ್ಟುಬಿಡಿ.

"ಸ್ವಲ್ಪ ದೊಡ್ಡದೇ ಇರಲಿ" ಎನ್ನುವವರಿದ್ದಾರೆ. ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಯಂತ್ರವಾದರೂ ಒಂದು ಮಿತಿಗಿಂತ ನಿಧಾನವಾಗಿ ಓಡಲಾರದು. ಅತಿ ದೊಡ್ಡದು ಹಾಕಿಸಿದರೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಹತ್ತು ನಿಮಿಷ. ಜುಲೈನಲ್ಲಿ ಗಾಳಿಯ ತೇವ ಹಿಂಡುವಷ್ಟು ಹೊತ್ತು ಅದು ಓಡುವುದೇ ಇಲ್ಲ. ಮನೆ ತಣ್ಣಗಿರುತ್ತದೆ, ಹಾಸಿಗೆ ಮಾತ್ರ ಮಲೆನಾಡಿನ ಆಷಾಢದ ಬಟ್ಟೆಯ ಹಾಗೆ ಜಿಗುಟು.

ಇನ್ನೊಂದು ಮೋಸ ಕಾಗದದ ಮೇಲಿನದು. ಪೆಟ್ಟಿಗೆಯ ಮೇಲೆ ಬರೆದ ಟನ್ ಸಾಮಾನ್ಯವಾಗಿ ಬೇಸಿಗೆಯಲ್ಲಿ ತಂಪು ಮಾಡುವ ಸಾಮರ್ಥ್ಯ, ಶಾಖದ ಅಂಕಿ ಕೊಟ್ಟಿದ್ದರೂ ಅದು ಹೆಚ್ಚಾಗಿ 47 ಡಿಗ್ರಿ ಹವೆಯದು. ನಿಮಗೆ ಬೇಕಾದದ್ದು 5 ಡಿಗ್ರಿಯಲ್ಲಿ ಎಷ್ಟು ಕೊಡುತ್ತದೆ ಎಂಬುದು. ಅಮೆರಿಕದ ಈಶಾನ್ಯ ರಾಜ್ಯಗಳ ನೀಪ್ (NEEP) ಸಂಸ್ಥೆಯ ಪಟ್ಟಿಯಲ್ಲಿ ಮಾದರಿಯ ಸಂಖ್ಯೆ ಹುಡುಕಿದರೆ ಎರಡೂ ಸಿಗುತ್ತವೆ, ಕನಿಷ್ಠ ವೇಗದ ಅಂಕಿಯೂ ಸಿಗುತ್ತದೆ. ಇಷ್ಟು ಹೊಂದಿದ ಮೇಲೆ ಬ್ರ್ಯಾಂಡ್ ಯಾವುದಾದರೂ ಸರಿ. ಹತ್ತಿರದಲ್ಲಿ ರಿಪೇರಿಗೆ ಸಿಗುವವರು ಯಾರು ಎಂದಷ್ಟೇ ನೋಡಿ.

ಹಣದ ಮಾತು. ಒಂದು ಯೂನಿಟ್ ವಿದ್ಯುತ್ತಿಗೆ ಚಳಿಗಾಲದ ಸರಾಸರಿಯಲ್ಲಿ ಎರಡೂವರೆ ಯೂನಿಟ್ ಶಾಖ ತಂದರೆ, ಒಂದು ಗ್ಯಾಲನ್ ಎಣ್ಣೆಯ ಕೆಲಸಕ್ಕೆ 13 ಯೂನಿಟ್ ಚಿಲ್ಲರೆ ಬೇಕು. ಯೂನಿಟ್ಟಿಗೆ 30 ಸೆಂಟ್ ಹಿಡಿದರೆ 4 ಡಾಲರ್. ಎಣ್ಣೆ ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದರೆ ಉಳಿತಾಯದ ಆಸೆ ಬಿಡಿ. ಬೇಸಿಗೆಯ ತಂಪು ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳಿ. ಕೇಂದ್ರದ 30 ಶೇಕಡಾ ತೆರಿಗೆ ರಿಯಾಯಿತಿ 2025ಕ್ಕೇ ಮುಗಿಯಿತು. ಹಳೆಯ ಜಾಹೀರಾತು ತೋರಿಸಿದರೆ ನಂಬಬೇಡಿ.

ಬಳಕೆಯಲ್ಲಿ ಒಗ್ಗಿಕೊಳ್ಳಬೇಕಾದದ್ದು ಅದರ ಉಗುರುಬೆಚ್ಚಗಿನ ಗಾಳಿಗೆ. ಮೊದಲ ಜನವರಿಗೆ ಊರಿನಿಂದ ಬಂದ ಅಮ್ಮ ಕಿಂಡಿಯ ಮುಂದೆ ಕೈ ಹಿಡಿದು, "ಇದೇನೋ, ಒಲೆ ಹತ್ತಿಯೇ ಇಲ್ಲ" ಎಂದಳು. ಕೋಣೆ 70 ಡಿಗ್ರಿ ಇತ್ತು. ಸಂಜೆ ಹೊರಗಿನ ಘಟಕ ತನ್ನ ಮೇಲಿನ ಹಿಮ ಕರಗಿಸಿಕೊಳ್ಳಲು ನಿಂತಾಗ, ಬಚ್ಚಲ ಹಂಡೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಪಕ್ಕದ ಮನೆಯವರು ಬೆಂಕಿಯೆಂದು ಫೋನ್ ಮಾಡಿದರು. ಐದು ನಿಮಿಷದಲ್ಲಿ ಮತ್ತೆ ಓಡತೊಡಗಿತು.

ಹೊರಗಿನ ಘಟಕವನ್ನು ನೆಲಕ್ಕೆ ಕೂರಿಸಲು ಬಿಡಬೇಡಿ. ನಿಮ್ಮಲ್ಲಿ ಹಿಮ ಎಷ್ಟು ಎತ್ತರ ಬೀಳುತ್ತದೋ ಅದಕ್ಕಿಂತ ಮೇಲೆ ಸ್ಟ್ಯಾಂಡ್ ಇರಲಿ. ಬಾಯ್ಲರನ್ನು ಒಂದು ಚಳಿಗಾಲ ಕಳೆಯುವವರೆಗೆ ಕಿತ್ತುಹಾಕಿಸಬೇಡಿ. ನಾನು ಕಿತ್ತುಹಾಕಿಸಿದ್ದು ಎರಡನೆಯ ಏಪ್ರಿಲ್‌ನಲ್ಲಿ.